ಭಾನುವಾರದ ಹಗ್ಗ

ಸ್ಕಾಟ್ಲೆಂಡು ಮುಗಿದ ಮೇಲೂ ಉಳಿಯುವ ನಮ್ಮ ದ್ವೀಪದಲ್ಲಿ
ಭಾನುವಾರ ಉಯ್ಯಾಲೆಗೂ ಬೀಗ.
ಗಾಳಿ ಮಾತ್ರ ಯಾರ ಮಾತೂ ಕೇಳದೆ
ಕಡಲಿಂದೆದ್ದು ಬಂದು ಸರಪಳಿ ಅಲುಗಿಸುತ್ತದೆ.

ಅಂಥದೊಂದು ಭಾನುವಾರ ಮಗುವಿಗೆ ವಾಂತಿ.
ಇದ್ದ ಮೂರೂ ಹಾಸುಬಟ್ಟೆ ಒಗೆದು ಹೊರಗೆ ಹರವಿದೆ.
ಎದುರುಮನೆಯ ಎಫಿ ಪರದೆ ಸರಿಸಿದಳು,
ಮತ್ತೆ ಎಳೆದುಕೊಂಡಳು.
ಅಷ್ಟೇ. ಯಾರೂ ಬೈಯಲಿಲ್ಲ.
ಸೋಮವಾರ ಅಂಗಡಿಯಲ್ಲಿ ಚಿಲ್ಲರೆಯನ್ನು
ಕೈಗೆ ಕೊಡದೆ ಮೇಜಿನ ಮೇಲಿಟ್ಟರು.

ಚರ್ಚಿನಲ್ಲಿ ಕೀರ್ತನೆ ಎತ್ತಿಕೊಡುವವನು ತೊರ್ಮೊಡ್.
ಒಂದು ಸಾಲು ಅವನು ಎಸೆದರೆ
ಇಡೀ ಸಭೆ ಅದನ್ನು ಹಿಡಿದು, ಎಳೆದು,
ದಡಕ್ಕೆ ಬಡಿದ ಅಲೆಯ ಹಾಗೆ ಮರಳಿಸುತ್ತದೆ.
ಬಲೆಯ ತೂತು ಹೊಲಿಯುತ್ತ ಒಮ್ಮೆ ನನಗಂದಿದ್ದ:
"ತಮ್ಮ ಮುಳುಗಿದ ವರ್ಷದಿಂದ
ನನ್ನೊಳಗೆ ಯಾರೂ ಇಲ್ಲ, ಬಾರಬಲ್.
ಆದರೆ ನಾನು ನಿಲ್ಲಿಸಿಬಿಟ್ಟರೆ
ಅವರೆಲ್ಲ ಎಲ್ಲಿಂದ ಶುರು ಮಾಡಬೇಕು?"

ಮೇ ತಿಂಗಳಲ್ಲಿ ನನ್ನ ಗಂಡ ಸೊಂಟ ಮುರಿದುಕೊಂಡು ಮಲಗಿದಾಗ
ನಸುಕಿಗೇ ನಮ್ಮ ಪಾಲಿನ ಜೌಗಿನಲ್ಲಿ ಗುದ್ದಲಿ ಸದ್ದು.
ಎಫಿ, ಅವಳ ಇಬ್ಬರು ಗಂಡುಮಕ್ಕಳು, ಆ ಅಂಗಡಿಯವನು:
ಉರಿಸುವ ಕಪ್ಪು ಮಣ್ಣು ಕೊಯ್ದು ಕೊಯ್ದು
ಚಳಿಗಾಲಕ್ಕಾಗುವಷ್ಟು ಒಟ್ಟಿ ಹೋದರು.
ಮಾತಿಲ್ಲ. ಚಹಾ ಮುಟ್ಟಲಿಲ್ಲ.

ಆ ಮಣ್ಣೇ ಈಗ ಒಲೆಯಲ್ಲಿ ಕೆಂಪಗಿದೆ.
ಈ ಬಿಸುಪನ್ನು ಯಾರ ಲೆಕ್ಕಕ್ಕೆ ಬರೆಯಲಿ?
ಇವತ್ತು ಭಾನುವಾರ. ಒದ್ದೆ ಅಂಗಿಗಳು ಕುರ್ಚಿಯ ಬೆನ್ನಿಗೆ,
ಹೊರಗೆ ಹಗ್ಗ ಬರಿದೇ ಕುಣಿಯುತ್ತಿದೆ.
ದಿಬ್ಬದಾಚೆಯಿಂದ ತೊರ್ಮೊಡ್‌ನ ಸಾಲು ತೇಲಿ ಬಂತು.
ನನ್ನ ತುಟಿ, ನನ್ನನ್ನೊಂದು ಮಾತು ಕೇಳದೆ,
ತೆರೆದುಕೊಂಡಿತು.