ಕನ್ನಡಿಯೊಳಗಿನ ಕಾರು

ಫಾಲ್ ರಿವರಿನ ಕೊಲಂಬಿಯಾ ಬೀದಿಯಲ್ಲಿ ನನ್ನ ಕ್ಷೌರದಂಗಡಿ.
ಅಸೋರಿಸ್ ದ್ವೀಪ ಬಿಟ್ಟು ಬಂದ ಮೂವತ್ತೊಂದು ವರ್ಷ
ಬೀದಿಗೆ ಬೆನ್ನು ಹಾಕಿ ನಿಂತೇ
ಬೀದಿಯನ್ನು ನೋಡಿದ್ದೇನೆ,
ಕನ್ನಡಿಯಲ್ಲಿ.
ಅಲ್ಲಿ ಬಲಕ್ಕೆ ಹೊರಟವರು ಎಡಕ್ಕೆ ಹೋಗುತ್ತಾರೆ,
ಬೇಕರಿಯ ಬೋರ್ಡು ಯಾವುದೋ ಸತ್ತ ಭಾಷೆಯಲ್ಲಿರುತ್ತದೆ.

ಆ ಮಂಗಳವಾರ ಪೊಲೀಸ್ ಕಾರು ಬಂದು ನಿಂತದ್ದೂ
ಹಾಗೇ, ತಿರುಗುಮುರುಗಾಗಿ,
ಎದುರಿನ ಮೂರಂತಸ್ತಿನ ಮರದ ಮನೆಯ ಮುಂದೆ.
ಒಳಗೆ ಡೀಲಿಯೊ ಫುರ್ಟಾಡೊ,
ಮೀನು ಮಾರುತ್ತಿದ್ದ ಡಿಯೊಲಿಂಡಾಳ ಕೊನೆಯ ಮಗ.
ಕುರ್ಚಿಯ ಕೈಗಳ ಮೇಲೆ ಹಲಗೆಯಿಟ್ಟು ಕೂರಿಸಿ
ಅವನಿಗೆ ಮೊದಲ ಕ್ಷೌರ ಮಾಡಿದವನು ನಾನೇ.

ಒಂಬತ್ತು ಗಂಟೆ. ಕಾಫಿ ಕುಡಿಯುತ್ತಿದ್ದಾನೆ.
ಒಂಬತ್ತೂವರೆ. ತಲೆ ಬಗ್ಗಿಸಿದ್ದಾನೆ.
"ಫೋನು ನೋಡ್ತಿದಾನೆ" ಎಂದ ಜೆರ್ವಾಸಿಯೊ,
ನೊರೆ ಹಚ್ಚಿದ ಬಾಯಲ್ಲೇ.
"ಅಲ್ಲ, ನಿದ್ದೆ" ಎಂದ ಅಡೆಲಿನೊ.
ಅವನು, ನೂಲಿನ ಗಿರಣಿ ಮುಚ್ಚಿದಾಗಿನಿಂದ
ಕ್ಷೌರವಿರಲಿ ಇಲ್ಲದಿರಲಿ ಬಂದು ಕೂರುವವನು.
"ಇಂಜಿನ್ ಬೇರೆ ಆರಿಸಿಲ್ಲ. ನಮ್ಮ ತೆರಿಗೆ
ಹೆಂಗೆ ಹೊಗೆಯಾಗಿ ಹೋಗ್ತಿದೆ ನೋಡು."
ಹೋದ ಬೇಸಿಗೆ ಗ್ಯಾಸ್ ಪೈಪಿಗೆ ರಸ್ತೆ ಅಗೆದಾಗ
ಇವರಲ್ಲೊಬ್ಬ ದಿನವಿಡೀ ಗುಂಡಿ ಕಾಯುತ್ತ ನಿಂತಿದ್ದನಂತೆ,
ಗುಂಡಿ ಎದ್ದು ಓಡಿಹೋಗುತ್ತದೆಯೋ ಎಂಬಂತೆ.
ಎಲ್ಲರೂ ನಕ್ಕೆವು. ನಾನು ಕತ್ತರಿ ಮೇಲೆತ್ತಿ ನಕ್ಕೆ,
ನಕ್ಕರೆ ಕೈ ಅದುರುತ್ತದೆ.

ಹತ್ತೂಕಾಲಿಗೆ ಜೆರ್ವಾಸಿಯೊ ಠಾಣೆಗೇ ಫೋನು ಮಾಡಿದ.
ಕಾರಿನ ನಂಬರು ಕೇಳಿದರು.
ಕನ್ನಡಿಯಿಂದ ಓದಿ, ತಿರುಗಿಸಿ,
ಒಂದೊಂದೇ ಅಂಕಿ ಹೇಳಿಕೊಟ್ಟವನು ನಾನು.
ಇದನ್ನು ಬಚ್ಚಿಡುವುದಿಲ್ಲ.

ಹನ್ನೆರಡರ ಹತ್ತಿರ ಪ್ರಾವಿಡೆನ್ಸಿನ ಕಡೆಯಿಂದ ಹಸಿರು ಕಾರೊಂದು ಬಂತು.
ಇಳಿದವಳು ಎರಡನೇ ಮಹಡಿಯ ಫಿಲೊಮೆನಾಳ ಮಗಳು,
ಆಸ್ಪತ್ರೆಯ ನೀಲಿ ಬಟ್ಟೆಯಲ್ಲೇ ಇದ್ದಳು.
ಡೀಲಿಯೊ ಇಳಿದ. ಟೋಪಿ ತೆಗೆದ.
ಕಂಕುಳಲ್ಲಿಟ್ಟ, ಮತ್ತೆ ಕೈಗೆ ತಂದ,
ಎಲ್ಲಿಡಬೇಕೋ ತೋಚದೆ ಕಾರಿನ ನೆತ್ತಿಯ ಮೇಲಿಟ್ಟ.
ಏನೋ ಹೇಳಿದ. ಕನ್ನಡಿಗೆ ಕಿವಿಯಿಲ್ಲ.
ಅವಳು ಫುಟ್‌ಪಾತಿನ ಅಂಚಿಗೆ ಕುಸಿದು ಕೂತಳು.
ಅವನು ನಿಂತ.
ಬಗ್ಗಲಿಲ್ಲ, ಎತ್ತಲಿಲ್ಲ, ಬರಿದೇ ನಿಂತ.
ಅಕ್ಟೋಬರಿನ ಓರೆ ಬಿಸಿಲಲ್ಲಿ
ಅವನ ನೆರಳು ಅವಳ ಮೇಲಿತ್ತು.
"ಕೈ ಹಿಡಿದು ಏಳಿಸೋದೂ ಇಲ್ಲ" ಎಂದ ಅಡೆಲಿನೊ.
ಈ ಸಲ ಯಾರೂ ನಗಲಿಲ್ಲ.

ಸಂಜೆ ಬೇಕರಿಯವಳು ಹೇಳಿದ್ದು ಇಷ್ಟು:
ಬೆಳಗಿನ ಜಾವ ಸೇತುವೆಯ ಕೆಳಗೆ ಸಿಕ್ಕ ಹುಡುಗ ಫಿಲೊಮೆನಾಳ ಮಗ.
ಸುದ್ದಿ ತಂದವನ ತೋಳು ಹಿಡಿದು ಮುದುಕಿ,
"ಮಗಳಿಗೆ ನನ್ನ ಬಾಯಲ್ಲಿ ಹೇಳಲಾರೆ, ನೀನೇ ಹೇಳು,
ಅವಳು ಬರೋವರೆಗೂ ಹೋಗಬೇಡ" ಅಂದಳಂತೆ.
ಅಂತೆ. ಬೇಕರಿಯವಳೂ ಕೇಳಿದ್ದೇ.

ಇಷ್ಟಕ್ಕೇ ಎಲ್ಲ ಪೊಲೀಸರೂ ಒಳ್ಳೆಯವರಾಗಿಬಿಡಲಿಲ್ಲ.
ಸ್ಮಶಾನದ ಹಿಂದಿನ ದಾರಿಯಲ್ಲಿ ಸೀಟು ಮಲಗಿಸಿ
ಗೊರಕೆ ಹೊಡೆಯುವ ದಢಿಯನನ್ನು ಕಂಡಿದ್ದೇನೆ,
ಕನ್ನಡಿಯಲ್ಲಲ್ಲ, ನೇರ.
ಅದಿರಲಿ. ಗಿರಾಕಿಯಿಲ್ಲದ ಮಧ್ಯಾಹ್ನ
ನಾನೂ ಬಾಗಿಲಲ್ಲಿ ಕೈಕಟ್ಟಿ ನಿಲ್ಲುತ್ತೇನೆ.
ಏನು ಮಾಡ್ತಿದೀಯ ಎಂದು ಯಾರೂ ಕೇಳಿಲ್ಲ.
ನನ್ನ ಬಿಳಿ ಕೋಟಿಗೆ ಯಾರೂ ತೆರಿಗೆ ಕಟ್ಟಿಲ್ಲ.

ಹದಿನೈದು ದಿನಕ್ಕೆ ಡೀಲಿಯೊ ಬಂದ, ಸಮವಸ್ತ್ರದಲ್ಲೇ.
ಬಟ್ಟೆ ಹೊದಿಸಿ ಕುತ್ತಿಗೆಗೆ ಗಂಟು ಹಾಕಿದೆ.
ನೆತ್ತಿಯ ಎರಡು ಸುಳಿ ಅಂದಿನ ಹಾಗೇ ಇವೆ,
ಬಾಚಣಿಗೆಗೆ ಬಗ್ಗುವುದಿಲ್ಲ.
ಆ ನಂಬರಿನ ವಿಷಯ ಹೇಳೋಣವೆಂದು ಬಾಯಿ ತೆರೆದೆ.
ಅವನು ನಿದ್ದೆ ಹೋಗಿದ್ದ.

ಡ್ಯೂಟಿಯ ಮೇಲಿದ್ದನೋ ಇಲ್ಲವೋ, ನನಗೆ ತಿಳಿಯದು.
ಗಾಜಿನಾಚೆ ಹೋಗುತ್ತಿದ್ದವರಾರೋ ತಡೆದು ನಿಂತರು,
ಇಣುಕಿದರು, ತುಟಿ ಏನೋ ಅಂದವು,
ಫೋನು ಮೇಲೆತ್ತಿದರು.

ನಾನು ಕುರ್ಚಿಯನ್ನು ಮೆಲ್ಲಗೆ ಗೋಡೆಯ ಕಡೆ ತಿರುಗಿಸಿದೆ,
ಕತ್ತರಿ ಕೆಳಗಿಟ್ಟೆ,
ಬಾಚಣಿಗೆ ಹಿಡಿದುಕೊಂಡು
ಸುಮ್ಮನೆ ನಿಂತೆ.