ಎಡದೋಳು

ಕ್ಲಾಕ್ಸ್‌ವಿಕ್‌ನಲ್ಲಿ ಗುರುವಾರ ಸಂಜೆ,
ದೋಣಿಮನೆಯ ಅಟ್ಟದ ಮೇಲೆ ಹನ್ನೊಂದು ಹೆಂಗಸರು,
ಕಾಫಿ, ರುಬಾರ್ಬ್ ಕೇಕು, ಕಡ್ಡಿಗಳ ಕಟಕಟ.

ಸ್ವೆಟರನ್ನು ಮೇಜಿನ ಮೇಲೆ ಹರಡಿ
ಒಂದೇ ಒಂದು ಕೇಳಿದೆ:
ಎಡದೋಳು ಉದ್ದವಾಯಿತೇ?

ಅಯ್ಯೋ, ಎಷ್ಟು ಚಂದ! ಎಂದಳು ಮರ್ಯುನ್,
ಕಣ್ಣನ್ನು ತನ್ನ ಕಾಲುಚೀಲದ ಹಿಮ್ಮಡಿಯಿಂದ ಕೀಳದೆ.
ಬಣ್ಣ ನೋಡು ಬಣ್ಣ, ಎಂದಳು ಇನ್ನೊಬ್ಬಳು.
ಮಾರಿದರೆ ಸಾವಿರ ಕ್ರೋನಕ್ಕೆ ಮೋಸವಿಲ್ಲ, ಮಗದೊಬ್ಬಳು.
ಮೊನ್ನೆ ಮೊನ್ನೆ ಸೇರಿದ ಬಿಯಾರ್ತಾ ಮಾತ್ರ
ಕತ್ತು ಓರೆ ಮಾಡಿ,
ನಾನಾಗಿದ್ದರೆ ಕೊರಳಪಟ್ಟಿಯನ್ನೇ ಬೇರೆ ಥರ ಹೆಣೆಯುತ್ತಿದ್ದೆ, ಎಂದಳು.

ಕೊರಳಪಟ್ಟಿಯನ್ನು ಯಾರು ಕೇಳಿದರು, ತಾಯಿ?

ಹತ್ತು ಬಾಯಿ ಆಡಿದವು.
ಒಂದು ಕೈಯೂ ಅಳತೆಪಟ್ಟಿಗೆ ಹೋಗಲಿಲ್ಲ.

ಬೆಳಗ್ಗೆ ಬಂದರಿನಲ್ಲಿ ಮೈದುನ ಹೋಗ್ನಿ ಅದನ್ನು ತೊಟ್ಟ,
ಹಗ್ಗ ಎಳೆದ,
ಎಡದೋಳಿನ ತುದಿಯನ್ನು ಎರಡು ಸಲ ಮಡಚಿಕೊಂಡ,
ಮತ್ತೆ ಹಗ್ಗ ಎಳೆದ.
ಅಷ್ಟೇ. ಥ್ಯಾಂಕ್ಸ್ ಕೂಡ ಇಲ್ಲ.
ಹಾಯೆನಿಸಿತು.
ಹದಿನಾಲ್ಕು ಸಾಲು ಬಿಚ್ಚಬೇಕು, ಸರಿ.

ಬಿಚ್ಚುತ್ತ ಕೂತಾಗ ಸುನ್ವಾ ನೆನಪಾದಳು.
ಹೋದ ಚಳಿಗಾಲ ಅವಳ ಶಾಲಿನ ಮೂವತ್ತನೇ ಸಾಲಿನಲ್ಲಿ
ಒಂದು ಕುಣಿಕೆ ಜಾರಿತ್ತು.
ಕಂಡಿದ್ದೆ.
ಸರಿಯಿದೆಯಾ, ಎಂದು ನನ್ನನ್ನೇ ಕೇಳಿದ್ದಳು,
ಎಲ್ಲರನ್ನೂ ಬಿಟ್ಟು ನನ್ನನ್ನು.
ಎಷ್ಟು ಚಂದ, ಅಂದಿದ್ದೆ,
ಕೇಕಿನ ಚೂರು ಬಾಯಲ್ಲಿಟ್ಟುಕೊಂಡು.

ಆ ತೂತು ಈಗ ಎಷ್ಟಗಲವಾಗಿದೆಯೋ.
ಅವಳು ಅಟ್ಟ ಹತ್ತುವುದನ್ನು ಬಿಟ್ಟು ನಾಲ್ಕು ತಿಂಗಳು.
ಅವಳ ಮನೆಯ ಏರಿನಲ್ಲಿದ್ದೇನೆ;
ಕಿಸೆಯಲ್ಲಿ ಕ್ರೋಶೆ ಕಡ್ಡಿ
ನಡೆದಷ್ಟೂ ತೊಡೆಗೆ ಚುಚ್ಚುತ್ತದೆ.