ಹೆಸರಿನ ಕಾಲಂ

ಮಹಾಲಿಂಗಪುರದ ಪುರಸಭೆ, ಜನನ-ಮರಣದ ಖಿಡಕಿ.
ಬಂದವರಿಗೂ ಹೋದವರಿಗೂ ಒಂದೇ ಶಿಕ್ಕಾ, ಒಂದೇ ಶಾಯಿ.
ಇಪ್ಪತ್ತೆರಡು ವರ್ಷ ಇಲ್ಲಿ ಕೂತು ಬರೆದೀನಿ.
ಹೆಸರು ಓದಿದರ ಸಾಕು, ಓಣಿ ಹೇಳತಿದ್ದೆ:
ಅಡಿವೆಪ್ಪ, ದುರ್ಗವ್ವ ಅಂದರ ಹಳ್ಳದ ಆಚೆ;
ಸಂಧ್ಯಾ, ಸುಷ್ಮಾ ಅಂದರ ಮಾಸ್ತರರ ಸಾಲು;
ನಾಲಿಗೆ ತೊಡರಿತೋ, ಮನಿ ಮುಂದ ಕಾರು.

ಸೋಮವಾರ ಸಾಕವ್ವ ಬಂದಳು,
ಸೆರಗಿನ ಗಂಟು ಬಿಚ್ಚಿ ಚೀಟಿ ಇಟ್ಟಳು.
ಮೊಮ್ಮಗಳು. ಎಂಟು ತಿಂಗಳು. ಹೆಸರಿನ ಕಾಲಂ ಇನ್ನೂ ಖಾಲಿ.
ಚೀಟಿಯೊಳಗ ಯಾವುದೋ ಸಾಲಿ ಹುಡುಗನ ಅಕ್ಷರ:
ಆದ್ವಿಕಾ.

ಬಾಜೂ ಟೇಬಲ್ಲಿನ ಈರಣಗೌಡ ಕೇಳಿದ:
"ಒಮ್ಮೆ ಕರದ ತೋರಸಬೇ ಮುದುಕಿ."
"ಆದಿವಿಕ."
"ನೋಡ, ಬಾಯಾಗ ಕೂಡೂದಿಲ್ಲ.
ಲಕ್ಕವ್ವ ಅಂತ ಇಡು, ಹೊಂದತೈತಿ."
ನಕ್ಕ. ನಾನೂ ನಕ್ಕೆ, ಅದನ್ನೂ ಬರೆಯಬೇಕು.
ನನ್ನ ಫಲಕದ ಮೇಲೆ ಟಿ. ಎಸ್. ಬಡಿಗೇರ;
ಟಿ ಅಂದರ ತಿಪ್ಪಣ್ಣ ಅಂತ
ಈ ಆಫೀಸಿನಾಗ ಯಾರಿಗೂ ಹೇಳಿಲ್ಲ.

ಹೋದ ತಿಂಗಳು ಇದೇ ಹೆಸರು ಬರೆದಿದ್ದೆ,
ಬೆಲ್ಲದ ದಲಾಲಿ ಶೇಠರ ಮೊಮ್ಮಗಳಿಗೆ.
ಪೇಢೆ ಕೊಟ್ಟು ಹೇಳಿದ್ದರು:
"ಹುಡುಕಿ ಇಟ್ಟೀವಿ, ಇಡೀ ಊರಾಗ ಒಬ್ಬಾಕಿ."
ಅವರ ಹಿತ್ತಲದಾಗ ಭಾಂಡೆ ತಿಕ್ಕುವಾಕಿ ಇವಳು.
ನಳದ ಸಪ್ಪಳದಾಗ ಕೇಳಿ ಕೇಳಿ ಕಲಿತದ್ದು.

"ಬಾಯೇರು ಸಿಟ್ಟಿಗೇಳೂದಿಲ್ಲೇನ?"
"ಎದ್ದಾರ. ಅವರ ನಾಯಿ ಹೆಸರ ರಾಜಾ,
ನನ್ನ ಅಳಿಯನ ಹೆಸರೂ ರಾಜಾ. ಅವ ಎದ್ದಾನೇನ?"

ಆಮೇಲೆ ಖಿಡಕಿಯ ಸರಳು ಹಿಡಿದು, ಸಣ್ಣ ದನಿಯಲ್ಲಿ:
"ಐದನೇ ಹೆಣ್ಣರಿ ನಾ. ಸಾಕು ಅಂದ್ರು,
ಅದನ್ನ ಹೆಸರ ಮಾಡಿ ಇಟ್ರು.
ಅರವತ್ತ ವರ್ಷ ಆತು, ಯಾರ ಕರದ್ರೂ
ಸಾಕ, ಸಾಕ ಅಂದಂಗ ಕೇಳತೈತಿ.
ಬಾಯಾಗ ಚಲೋ ಕೂಡತೈತಿ, ಹೌದ.
ತೊಟ್ಟಲದಾಗ ಹಾಕಿದಾಗ ಸ್ವಾದರತ್ತಿ ಕೂಸಿನ ಕಿವ್ಯಾಗ
ಕುರ್ರ್ ಅಂದು ಹೇಳಿ ಆಗೇತಿ.
ಈಗ ನೀವು ಕಾಗದಕ್ಕ ಹೇಳ್ರಿ."

ಬರೆದೆ. ದ ಅಕ್ಷರದ ಅಡಿಗೆ ವ ಇಳಿಸುವಾಗ ಕೈ ನಿಂತಿತು:
ಸಾಕವ್ವನ ಕೊನೆಗೆ ತೂಗುವುದೂ
ಇದೇ ಒತ್ತು. ಇದೇ ಗೀಟು, ಇದೇ ಬಾಲ.
ಇಷ್ಟು ವರ್ಷ ಬರೆದವನಿಗೆ ಇವತ್ತು ಕಂಡಿತು.

ಹೆಬ್ಬೆಟ್ಟು ಒತ್ತಿ, ಶಾಯಿಯನ್ನು ಗೋಡೆಗೆ ಒರೆಸಿ ಹೋದಳು.

ಊಟದ ಹೊತ್ತಿಗೆ ಫೋನು. ಶೇಠರ ಸೊಸಿ.
"ಹೆಸರು ಬದಲಿ ಮಾಡಬೇಕಂದ್ರ
ಏನೇನ ಕಾಗದ ಬೇಕಾಗತಾವರಿ?"